ಹೊಟ್ಟೆ ಮೇಲಿನ ಚೀಲ, ಹೊಲದ ಕೆಲಸ

ಈ ಸಲ ಬೆಳೆ ವಿಷಯ ಅಲ್ಲ, ನನ್ನ ಮೈ ವಿಷಯ. ನಂಗೆ ಗುದನಾಳದ ಕ್ಯಾನ್ಸರ್ ಆಪರೇಷನ್ ಆಗಿ ಮೂರು ವರ್ಷ ಆಯ್ತು. ಅದು ಬಹಳ ಜನಕ್ಕೆ ಗೊತ್ತು, ಪಂಚೆ ಒಳಗೆ ಚೀಲ ಇರೋದು ಗೊತ್ತಿರೋರು ಕಮ್ಮಿ. ಪಕ್ಕದೂರಿನ ಹಿರಿಯರೊಬ್ಬರು ಇದೇ ಕಾಯಿಲೆ ಇಟ್ಕೊಂಡು, "ಚೀಲ ಕಟ್ಕೊಂಡು ಬದುಕೋ ಬದಲು ಹಿಂಗೇ ಇದ್ಬಿಡ್ತೀನಿ" ಅಂತ ಆಪರೇಷನ್ ಬೇಡ ಅಂದ್ರಂತೆ. ಅದಕ್ಕೇ ಬರೀತಿದ್ದೀನಿ.

ಸ್ಟೋಮಾ ಅಂದ್ರೆ ಕರುಳನ್ನ ಹೊಟ್ಟೆ ಮೇಲಕ್ಕೆ ತಂದು ಹೊಲಿದು ಮಾಡೋ ಬಾಯಿ. ಕೆನ್ನೆ ಒಳಭಾಗದ ಥರ ಕೆಂಪಗೆ, ಒದ್ದೆಯಾಗಿರುತ್ತೆ. ಮುಟ್ಟಿದ್ರೆ ನೋವಾಗಲ್ಲ. ತೊಳೆಯುವಾಗ ಚೂರು ರಕ್ತ ಜಿನುಗಿದ್ರೆ ಗಾಬರಿ ಬೇಡ. ದೊಡ್ಡ ಕರುಳಿಂದ ಮಾಡಿದ್ರೆ ಕೊಲಾಸ್ಟಮಿ, ಸಾಮಾನ್ಯವಾಗಿ ಎಡಗಡೆ, ಮಲ ಹೆಚ್ಚುಕಮ್ಮಿ ಗಟ್ಟಿ. ಸಣ್ಣ ಕರುಳಿಂದ ಮಾಡಿದ್ರೆ ಇಲಿಯಾಸ್ಟಮಿ, ಸಾಮಾನ್ಯವಾಗಿ ಬಲಗಡೆ, ನೀರುನೀರಾಗಿ ಬರುತ್ತೆ. ಕೆಲವರಿಗೆ ಕೆಲವು ತಿಂಗಳಾದ ಮೇಲೆ ಮತ್ತೆ ಒಳಗೆ ಜೋಡಿಸ್ತಾರೆ. ನಂದು ಗುದದ್ವಾರವನ್ನೇ ತೆಗೆದಿರೋದ್ರಿಂದ ಕೊಲಾಸ್ಟಮಿ, ಕಾಯಂ.

ಆಪರೇಷನ್‌ಗೆ ಮುಂಚೆ ಜಾಗ ಗುರುತು ಹಾಕ್ತಾರಲ್ಲ, ನಮ್ಮಂಥೋರಿಗೆ ಅದೇ ಮುಖ್ಯ. ಮಲಗಿಸಿ ಮಾತ್ರ ಅಲ್ಲ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಅಂತ ಕೇಳಿ. ನಾನು ಪಂಚೆ ಉಟ್ಕೊಂಡೇ ಹೋಗಿದ್ದೆ. ಕುಕ್ಕರಗಾಲಲ್ಲಿ ಕೂತು, ಕಳೆ ಕೀಳೋ ಹಂಗೆ ಬಗ್ಗಿ ತೋರಿಸಿದೆ. ಪಂಚೆ ಬಿಗಿಯೋ ಜಾಗ, ಹೊಟ್ಟೆ ಮಡಿಕೆ ಬೀಳೋ ಜಾಗ ಎರಡೂ ಬಿಟ್ಟು ಗುರುತು ಹಾಕಿದ್ರು. ಮಡಿಕೆ ಮೇಲೆ ಬಂದ್ರೆ ಚೀಲ ಸರಿಯಾಗಿ ಅಂಟಲ್ಲ, ಸೋರುತ್ತೆ.

ಡಿಸ್ಚಾರ್ಜ್ ಆಗೋಕೆ ಮುಂಚೆ ನೀವೂ, ಮನೆಯವರೊಬ್ಬರೂ ನರ್ಸ್ ಎದುರಿಗೇ ಚೀಲ ಬದಲಾಯಿಸಿ ಕಲೀರಿ. ಅಂಟಿಸೋ ತಟ್ಟೆಯ ತೂತು ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ಅಷ್ಟೇ ದೊಡ್ಡದಿರಲಿ. ಹೆಚ್ಚಾದ್ರೆ ಮಲ ತಾಗಿ ಚರ್ಮ ಬೇಯುತ್ತೆ. ಮೊದಲ 6-8 ವಾರ ಊತ ಇಳೀತಾ ಹೋಗುತ್ತೆ, ಆಗಾಗ ಅಳತೆ ತಗೊಳ್ಳಿ. ಬರೀ ನೀರಲ್ಲಿ ತೊಳೆದು ಒಣಗಿಸಿ. ಕೊಬ್ಬರಿ ಎಣ್ಣೆ ಸವರಿದ್ರೆ ತಟ್ಟೆ ನಿಲ್ಲಲ್ಲ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಸೋರದಿದ್ರೆ ವಾಸನೆ ಬರಲ್ಲ. ಹೊಸ ಚೀಲಗಳನ್ನ ಬಿಸಿಲಲ್ಲಿ, ಪಂಪ್‌ಹೌಸ್ ಶೀಟ್ ಕೆಳಗೆ ಇಡ್ಬೇಡಿ, ಅಂಟು ಹಾಳಾಗುತ್ತೆ.

ಇನ್ನು ಕೆಲಸ. ಮೊದಲ ಎರಡು ತಿಂಗಳು ಗೊಬ್ಬರದ ಮೂಟೆ, ಮೇವಿನ ಹೊರೆ ಎತ್ತಲೇ ಇಲ್ಲ. ನಡೆದಾಡೋದು ಮಾತ್ರ. ಸ್ಟೋಮಾ ಪಕ್ಕ ಹೊಟ್ಟೆಗೋಡೆ ಸಡಿಲ ಇರುತ್ತೆ, ಭಾರ ಎತ್ತಿದ್ರೆ ಹರ್ನಿಯಾ ಆಗಬಹುದು. ಆಮೇಲೂ ಡಾಕ್ಟರನ್ನ ಕೇಳಿಯೇ, ಬೆಲ್ಟ್ ಹಾಕ್ಕೊಂಡು ಶುರು ಮಾಡಿದೆ. ಈಗ ಹಾಲು ಕರೀತೀನಿ, ನೀರು ಕಟ್ತೀನಿ, ಬಸ್ಸಲ್ಲಿ ಸಂತೆಗೆ ಹೋಗ್ತೀನಿ. ಮೂಟೆ ಮಾತ್ರ ಮಗ ಎತ್ತುತ್ತಾನೆ. ಮೊದಮೊದಲು ಅದು ಮನಸ್ಸಿಗೆ ಚುಚ್ತಿತ್ತು. ಈಗ ಅದೂ ಅಭ್ಯಾಸ ಆಗಿದೆ.

ಇಲಿಯಾಸ್ಟಮಿ ಇರೋರು ಬಿಸಿಲಲ್ಲಿ ಇನ್ನೂ ಹುಷಾರು. ನೀರಿನ ಜೊತೆ ಉಪ್ಪೂ ಹೋಗುತ್ತೆ, ಬರೀ ನೀರು ಕುಡಿದ್ರೆ ಸಾಲದು, ಓಆರ್‌ಎಸ್ ಜೊತೇಲಿರಲಿ. ಹಸಿ ತೆಂಗಿನಕಾಯಿ, ಮೆಕ್ಕೆಜೋಳ, ಅಣಬೆ ಕರುಳಲ್ಲಿ ಸಿಕ್ಕಿಕೊಳ್ಳಬಹುದು. ಮೊದಲ ವಾರಗಳಲ್ಲಿ ಬೇಡ, ಆಮೇಲೆ ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು.

ಸ್ಟೋಮಾ ಕಪ್ಪಗೆ ಅಥವಾ ನೀಲಿ ಆದ್ರೆ, ಇಲ್ಲಾ ಏನೂ ಬರದೆ ಹೊಟ್ಟೆ ಹಿಂಡಿ ವಾಂತಿ ಆದ್ರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.

ಖರ್ಚಿನ ಮಾತು: ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದ್ರೆ ಚೀಲ ತಿಂಗಳು ತಿಂಗಳೂ ಬೇಕು. ಅದು ಸೇರುತ್ತಾ, ಎಲ್ಲಿ ಸಿಗುತ್ತೆ ಅಂತ ಮುಂಚೆನೇ ಕೇಳ್ಕೊಳ್ಳಿ.

ಯಾರ ಮನೇಲಾದ್ರೂ ಆಪರೇಷನ್ ದಿನ ಗೊತ್ತಾಗಿದ್ರೆ ನಮ್ಮ ತೋಟಕ್ಕೆ ಬನ್ನಿ, ಚೀಲ ಬದಲಾಯಿಸೋದು ತೋರಿಸ್ತೀನಿ. ಹೆಣ್ಣುಮಕ್ಕಳು ನಮ್ಮನೆಯವರ ಹತ್ರ ಕೇಳಬಹುದು, ಅವರಿಗೂ ಎಲ್ಲಾ ಗೊತ್ತು. ಎಲ್ಲರ ಮುಂದೆ ಕೇಳೋಕೆ ಸಂಕೋಚ ಆದ್ರೆ ಮೆಸೇಜ್ ಹಾಕಿ.