ಡಿಕ್ಲರೇಶನ್ ಫೈಲ್ ಎಲ್ಲಿತ್ತ್?

ರೆಕಾರ್ಡ್ ಮ್ಯಾನೇಜರ್‌ಗಳಿಗೆ ಅಂತಲೇ ಒಂದು ಸಮ್ಮೇಳನ ಇದೆ ಅಂದಾಗ ಹಾಸ್ಟೆಲಿನಲ್ಲಿ ಎಲ್ಲರೂ ನಕ್ಕರು. "ಫೈಲ್ ಜೋಡ್ಸೋಕೂ ಕಾನ್ಫರೆನ್ಸಾ ಮಾರಾಯ?" ವಾಲಂಟಿಯರ್ ಆದರೆ ಸರ್ಟಿಫಿಕೇಟೂ ಊಟವೂ ಇದೆ ಅಂತ ನಾನು ಹೆಸರು ಕೊಟ್ಟೆ. ಬ್ರಹ್ಮಾವರದ ಒಂದು ಸಭಾಂಗಣ, ಒಂದು ಶನಿವಾರ. ಬಂದವರೆಲ್ಲ ಆಸ್ಪತ್ರೆ, ಸೊಸೈಟಿ, ಕಾಲೇಜುಗಳಲ್ಲಿ ರೆಕಾರ್ಡ್ ನೋಡಿಕೊಳ್ಳುವವರು. ಕೆಲವರು ರಿಟೈರ್ ಆದ ಸರ್ಕಾರಿ ನೌಕರರು.

ಮೊದಲ ಸೆಷನ್ ಐಎಸ್‌ಒ 15489 ಬಗ್ಗೆ. ದಾಖಲೆ ನಿರ್ವಹಣೆಯ ಈ ಸ್ಟ್ಯಾಂಡರ್ಡ್ ಬಂದದ್ದು 2001ರಲ್ಲಿ, ಪರಿಷ್ಕರಣೆ ಆದದ್ದು 2016ರಲ್ಲಿ. ಅದರ ಪ್ರಕಾರ ದಾಖಲೆಗೆ ನಾಲ್ಕು ಗುಣ ಬೇಕು: ಅಸಲಿ ಆಗಿರಬೇಕು, ನಂಬುವ ಹಾಗಿರಬೇಕು, ಯಾರೂ ತಿದ್ದಿರಬಾರದು, ಬೇಕಾದಾಗ ಸಿಗಬೇಕು. ಮೂರನೆಯದು ಕೇಳಿದ ಕೂಡಲೇ ನನಗೆ ಹ್ಯಾಶ್ ನೆನಪಾಯ್ತು. ಒಂದು ಬಿಟ್ ಬದಲಾದರೂ ಎಸ್‌ಎಚ್‌ಎ-256 ಬೇರೆಯೇ ಬರುತ್ತದಲ್ಲ!

ಊಟದ ಸಾಲಿನಲ್ಲಿ ಪಕ್ಕದಲ್ಲಿದ್ದ ನಿವೃತ್ತ ರೆಕಾರ್ಡ್ ಕೀಪರ್ ಒಬ್ಬರಿಗೆ ಇದನ್ನೇ ಹೇಳಿದೆ. ಅವರು ನಕ್ಕರು. "ನಾವ್ ಕೆಂಪ್ ಶಾಯಿಯಂಗೆ ಪುಟದ ನಂಬರ್ ಹಾಕುದ್, ಕಡಿಗೆ ಒಟ್ಟ್ ಇಷ್ಟ್ ಹಾಳೆ ಅಂದೇಳಿ ಬರ್ದ್ ಸೈನ್ ಮಾಡುದ್. ನಿನ್ ಹ್ಯಾಶ್ ಅದೇ ಅಲ್ದಾ ಮಾಣಿ?"

ಹೌದು, ಅದೇ. ಆಮೇಲೆ ನಾನು ಮನೆಯ ವಿಷಯ ತೆಗೆದೆ.

ಅಮ್ಮಮ್ಮನ ಮನೆ ಬೈಂದೂರು ಕಡೆ. ಗದ್ದೆ ಮೊದಲು ಒಡೆಯರದ್ದು, ನಮ್ಮವರು ಗೇಣಿ ಕೊಡುವ ಒಕ್ಕಲು. ದೇವರಾಜ ಅರಸು ಕಾಲದ ತಿದ್ದುಪಡಿ ಪ್ರಕಾರ 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಒಕ್ಕಲು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು, ಭೂ ನ್ಯಾಯ ಮಂಡಳಿ ವಿಚಾರಣೆ ಮಾಡಿ ಒಪ್ಪಿದರೆ ನಮೂನೆ 10 ಸಿಗುತ್ತಿತ್ತು. ನಮ್ಮೂರ ಬಾಯಲ್ಲಿ ಇಷ್ಟಕ್ಕೂ ಒಂದೇ ಶಬ್ದ: ಡಿಕ್ಲರೇಶನ್.

ಈಗ ಅಜ್ಜ ಇಲ್ಲ. ಜಾಗ ಪಾಲಾಗಬೇಕು, ಒಂದು ಬದಿಯ ಗಡಿಗೆ ತಕರಾರಿದೆ. ಮಂಡಳಿಯ ಆದೇಶದ ದೃಢೀಕೃತ ಪ್ರತಿಗಾಗಿ ಮಾವ ಒಂದು ವರ್ಷದಿಂದ ಓಡಾಡುತ್ತಿದ್ದಾರೆ. ಒಂದು ಕಚೇರಿಯಲ್ಲಿ "ಅಲ್ಲಿ ಕೇಳಿ" ಅಂತಾರೆ, ಅಲ್ಲಿ ಹೋದರೆ "ನಮಗೆ ಬಂದೇ ಇಲ್ಲ" ಅಂತಾರೆ.

ಎಲ್ಲ ಆನ್‌ಲೈನ್ ಇದೆಯಲ್ಲ ಅಂತ ನೀವು ಕೇಳಬಹುದು. ಪಹಣಿ ಇದೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಇಪ್ಪತ್ತು ವರ್ಷದ ಹಿಂದೆಯೇ ಕಂಪ್ಯೂಟರಿಗೆ ಬಂದವು. ಆದರೆ ಜಾಗ ಈಗ ಯಾರದ್ದು ಅಂತ ಪಹಣಿ ಹೇಳುತ್ತದೆ, ಅವರಿಗೆ ಹೇಗೆ ಬಂತು ಅಂತ ಪೂರ್ತಿ ಹೇಳುವುದು ಹಳೇ ಫೈಲು. ನಮ್ಮ ಭಾಷೆಯಲ್ಲಿ ಪಹಣಿ ಅಂದ್ರೆ ಕರೆಂಟ್ ಸ್ಟೇಟ್, ಫೈಲು ಅಂದ್ರೆ ಲಾಗ್. ತಕರಾರು ಬಂದಾಗ ಬೇಕಾಗುವುದು ಲಾಗ್.

ಅವರು ತಟ್ಟೆ ಹಿಡಿದುಕೊಂಡೇ ವಿವರಿಸಿದರು. ಬೈಂದೂರು, ಬ್ರಹ್ಮಾವರ ತಾಲೂಕುಗಳಾದದ್ದು 2018ರಲ್ಲಿ. ಅದಕ್ಕೂ ಮೊದಲು ಬೈಂದೂರಿನ ಊರುಗಳು ಕುಂದಾಪುರ ತಾಲೂಕಿನಲ್ಲಿ, ಬ್ರಹ್ಮಾವರದವು ಉಡುಪಿ ತಾಲೂಕಿನಲ್ಲಿ ಇದ್ದವು. ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ, ರೆಕಾರ್ಡ್ ರೂಮಿಗೆ ಎಳೆಯುವುದು ಕಷ್ಟ. ಒಂದೇ ರಿಜಿಸ್ಟರಿನಲ್ಲಿ ಎರಡೂ ಕಡೆಯ ಊರುಗಳ ಕೇಸ್ ಇದ್ದರೆ ಅದನ್ನು ಹರಿದು ಹಂಚೋಕಾಗುತ್ತಾ? ಆಮೇಲೆ ಕೇಳಿದರು, "ನಿನ್ ಮಾವ ಎಂತ ನಂಬರ್ ಕೊಟ್ಟಿರ್?" ಸರ್ವೆ ನಂಬರ್ ಅಂದೆ. ಮಂಡಳಿಯ ಫೈಲು ಸರ್ವೆ ನಂಬರಿನ ಮೇಲೆ ಕೂತಿರುವುದಿಲ್ಲ, ಕೇಸ್ ನಂಬರ್ ಮತ್ತು ವರ್ಷದ ಮೇಲೆ ಇರುತ್ತದೆ, ನಮೂನೆ 10ರಲ್ಲಿ ನೋಡಿ ಅಂದರು.

ಅಂದರೆ ಪ್ರೈಮರಿ ಕೀ ಬೇರೆ! ಅವತ್ತು ರಾತ್ರಿಯೇ ಮಾವನಿಗೆ ಫೋನ್ ಮಾಡಿದೆ. ಅಮ್ಮಮ್ಮನ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ನಮೂನೆ 10 ಇತ್ತು. ಅಂಚಿಗೆ ಒರಲೆ ಹಿಡಿದಿದ್ದರೂ ನಂಬರ್ ಓದೋಕಾಗುತ್ತಿತ್ತು. ಮಾವ ಅದನ್ನು ಹಾಕಿ ಹೊಸ ಅರ್ಜಿ ಕೊಟ್ಟಿದ್ದಾರೆ. ಪ್ರತಿ ಇನ್ನೂ ಕೈಗೆ ಬಂದಿಲ್ಲ, ಆದರೆ ಹುಡುಕುವವರಿಗೆ ಈಗ ಏನು ಹುಡುಕಬೇಕು ಅಂತ ಗೊತ್ತು.

ಹಳೇ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ 2024ರಲ್ಲಿ ಶುರುವಾಗಿದೆ. ಒಳ್ಳೆಯದೇ. ಆದರೆ ಇಂಡೆಕ್ಸ್ ತಪ್ಪಿದರೆ ಸ್ಕ್ಯಾನ್ ಆದ ಫೈಲೂ ಇದ್ದು ಇಲ್ಲದ ಹಾಗೆ. ಅದನ್ನು ಸರಿಯಾಗಿ ಮಾಡೋಕೆ ಕೋಡ್ ಬರೆಯುವ ನಾವೂ ಬೇಕು, ಕೆಂಪು ಶಾಯಿಯ ಅವರೂ ಬೇಕು. ಮುಂದಿನ ಸಲ ಮನೆಗೆ ಹೋದಾಗ ಟ್ರಂಕ್ ತೆಗೆಸಿ, ಆ ಕಾಗದಗಳ ಒಂದೊಂದು ಫೋಟೊ ತೆಗೆದಿಡಿ. ನಂಬರ್ ಕಾಣುವ ಹಾಗೆ.