ರಂಗನತಿಟ್ಟಿನ ದೋಣಿಯಲ್ಲಿ ಒಂದು ಚುಕ್ಕೆ

ರಂಗನತಿಟ್ಟಿಗೆ ಬರುವವರಲ್ಲಿ ಕ್ಯಾಮೆರಾ ಇಲ್ಲದವರು ಈಗ ಸಿಗುವುದು ಕಷ್ಟ. ದೊಡ್ಡ ಲೆನ್ಸ್ ಇಲ್ಲದಿದ್ದರೆ ಮೊಬೈಲಾದರೂ ಕೈಯಲ್ಲಿರುತ್ತದೆ. ಮೈಸೂರಿನಿಂದ ಅರ್ಧ ಗಂಟೆಯ ದಾರಿ, ಶ್ರೀರಂಗಪಟ್ಟಣಕ್ಕಂತೂ ತೀರಾ ಹತ್ತಿರ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತೇನೆ. ಫೆಬ್ರುವರಿ, ಮಾರ್ಚ್ ತಿಂಗಳನ್ನು ಮಾತ್ರ ತಪ್ಪಿಸುವುದಿಲ್ಲ. ಆಗ ಗೂಡುಗಳ ತುಂಬ ಮರಿಗಳು.

ತಿಟ್ಟು ಎಂದರೆ ದಿಬ್ಬ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದಲ್ಲಿ, ಕಾವೇರಿಗೆ ಕಟ್ಟಿದ ಒಡ್ಡಿನಿಂದಾಗಿ ಈ ಪುಟ್ಟ ನಡುಗಡ್ಡೆಗಳು ಉಂಟಾದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ ಎಂಬ ಮನ್ನಣೆಯೂ ಬಂತು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳಿಗೆ ಈ ಸುದ್ದಿ ತಲುಪಿದ ಹಾಗಿಲ್ಲ.

ಇಲ್ಲಿ ದೋಣಿಗೆ ಎಂಜಿನ್ ಇಲ್ಲ, ಹುಟ್ಟು ಹಾಕಿಯೇ ಹೋಗಬೇಕು. ಕಳೆದ ಮಾರ್ಚಿನಲ್ಲಿ ನಮ್ಮ ದೋಣಿಯಲ್ಲಿದ್ದ ಯುವಕರೊಬ್ಬರು ಬಣ್ಣದ ಕೊಕ್ಕರೆಯ ಗೂಡಿನ ಮುಂದೆ ಹತ್ತಾರು ಚಿತ್ರ ತೆಗೆದರು. ಒಂದರಲ್ಲೂ ಹಕ್ಕಿ ಸ್ಪಷ್ಟವಾಗಿಲ್ಲ. “ಇನ್ನೊಂಚೂರು ಹತ್ರ ತಗೊಳ್ಳಿ ಅಣ್ಣ” ಎಂದು ದೋಣಿಯವರನ್ನು ಒತ್ತಾಯಿಸತೊಡಗಿದರು.

“ಆಗಲ್ಲ ಸಾರ್, ಮರಿ ಅವೆ” ಎಂದರು ದೋಣಿಯವರು.

ಅವರು ಹೇಳಿದ್ದು ಸರಿ. ಬಿಸಿಲೇರಿದಾಗ ತಾಯಿಯೋ ತಂದೆಯೋ ರೆಕ್ಕೆ ಬಿಚ್ಚಿ ಮರಿಗಳಿಗೆ ಕೊಡೆಯಂತೆ ನಿಂತಿರುತ್ತದೆ. ದೋಣಿ ಮೈಮೇಲೆ ಬಂದರೆ ಅದು ಹಾರುತ್ತದೆ. ಪುಕ್ಕ ಬಲಿಯದ ಮರಿಗಳ ಮೇಲೆ ಉರಿಬಿಸಿಲು ಬೀಳುತ್ತದೆ. ಕಾಗೆಗಳೂ ಹೊಂಚು ಹಾಕಿರುತ್ತವೆ.

ನಾನು ಅವರ ಕ್ಯಾಮೆರಾ ಕೇಳಿ ತೆಗೆದುಕೊಂಡು ಆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ದೂರದ್ದೇನೂ ತೊಂದರೆಯಿರಲಿಲ್ಲ. ಹಕ್ಕಿಯ ಮುಂದಿದ್ದ ಒಣ ಕೊಂಬೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ತೊಗಟೆಯ ಬಿರುಕುಗಳನ್ನೂ ಎಣಿಸಬಹುದಿತ್ತು! ಎಲ್ಲಿ ಫೋಕಸ್ ಮಾಡಬೇಕೆಂಬುದನ್ನು ಅವರು ಕ್ಯಾಮೆರಾಕ್ಕೇ ಬಿಟ್ಟಿದ್ದರು. ಹಾಗೆ ಬಿಟ್ಟಾಗ ಅದು ಸಾಮಾನ್ಯವಾಗಿ ಹತ್ತಿರವಿರುವುದನ್ನು, ಅಥವಾ ಅಂಚು ಎದ್ದು ಕಾಣುವುದನ್ನು ಹಿಡಿಯುತ್ತದೆ. ನಮಗೆ ಬೇಕಾದದ್ದು ಕೊಂಬೆಯ ಹಿಂದಿರುವ ಕೊಕ್ಕರೆ ಎಂದು ಅದಕ್ಕೆ ಹೇಳಿದವರು ಯಾರು?

ಹೇಳುವ ಉಪಾಯ ಸುಲಭ. ವ್ಯೂಫೈಂಡರಿನಲ್ಲಿ ಚುಕ್ಕೆಗಳೋ ಪುಟ್ಟ ಚೌಕಗಳೋ ಕಾಣುತ್ತವಲ್ಲ, ಅವೇ ಫೋಕಸ್ ಬಿಂದುಗಳು. ನನ್ನ ಹಳೆಯ ನಿಕಾನ್ ಡಿ5300ರಲ್ಲಿ ಅಂಥವು 39 ಇವೆ. ಸಿಂಗಲ್ ಪಾಯಿಂಟ್ ಎಂಬ ಆಯ್ಕೆಗೆ ಹೋದರೆ ಒಂದೇ ಒಂದು ಉಳಿಯುತ್ತದೆ. ಹಿಂಬದಿಯ ಗುಂಡಿ ಒತ್ತಿ ಅದನ್ನು ಬೇಕಾದ ಕಡೆ ಸರಿಸಬಹುದು. ಕೊಂಬೆಗಳ ಸಂದಿನಲ್ಲಿ ಹಕ್ಕಿಯ ಕಣ್ಣಿನ ಮೇಲೆ ಆ ಚೌಕವನ್ನಿಟ್ಟರೆ ಮುಗಿಯಿತು. ಲೆಡ್ಜರಿನಲ್ಲಿ ಬೇಕಾದ ಸಾಲಿನ ಮೇಲೆ ಬೆರಳಿಟ್ಟು ಓದಿದ ಹಾಗೆ.

ಕಣ್ಣೇ ಏಕೆ? ಹತ್ತು ಮೀಟರ್ ದೂರದ ಹಕ್ಕಿಯನ್ನು ನನ್ನ ಲೆನ್ಸಿನ 300 ಮಿಲಿಮೀಟರಿನಲ್ಲಿ, ಎಫ್ 6.3ರಲ್ಲಿ ತೆಗೆದರೆ, ಚಿತ್ರದಲ್ಲಿ ಚೊಕ್ಕವಾಗಿ ಕಾಣುವ ಆಳ ಒಂದು ಗೇಣಿಗಿಂತ ಕೊಂಚ ಹೆಚ್ಚು, ಅಷ್ಟೇ. ಬಣ್ಣದ ಕೊಕ್ಕರೆಯ ಕೊಕ್ಕೇ ಹತ್ತಿರ ಹತ್ತಿರ ಒಂದು ಗೇಣಿದೆ. ಅದು ನಮ್ಮತ್ತ ಮುಖ ಮಾಡಿ ನಿಂತಾಗ ಕೊಕ್ಕಿನ ತುದಿಗೆ ಫೋಕಸ್ ಆದರೆ ಕಣ್ಣು ಮಂಜಾಗುತ್ತದೆ. ಕೊಕ್ಕು ಮಸುಕಾದರೆ ನೋಡುವವರು ಕ್ಷಮಿಸುತ್ತಾರೆ, ಕಣ್ಣು ಮಸುಕಾದರೆ ಇಲ್ಲ.

ಎಲ್ಲ ಬಿಂದುಗಳೂ ಒಂದೇ ಸಮನಲ್ಲ. ನನ್ನ ಕ್ಯಾಮೆರಾದಲ್ಲಿ ನಡುವಿನ ಒಂಬತ್ತು ಮಾತ್ರ ಕ್ರಾಸ್ ಮಾದರಿಯವು. ಅವು ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಗುರುತಿಸುತ್ತವೆ. ಉಳಿದವುಗಳಿಗೆ ಒಂದು ದಿಕ್ಕಿನ ವಿವರ ಮಾತ್ರ ತಿಳಿಯುತ್ತದೆ. ಆದ್ದರಿಂದ ಮೋಡದ ದಿನ, ಸಂಜೆಯ ಮಬ್ಬಿನಲ್ಲಿ, ನಡುವಿನವನ್ನೇ ನಂಬುವುದು ವಾಸಿ. ಚಮಚದ ಕೊಕ್ಕಿನ ಹಕ್ಕಿಯಂತೂ ಮೈಯೆಲ್ಲ ಬಿಳಿ. ಅದರ ಬೆನ್ನಿನ ಮೇಲೆ ಚೌಕವಿಟ್ಟರೆ ಹಿಡಿಯಲು ಅಂಚೇ ಸಿಗದೆ ಲೆನ್ಸು ಹಿಂದಕ್ಕೂ ಮುಂದಕ್ಕೂ ಗರಗರ ತಿರುಗುತ್ತದೆ. ಕಪ್ಪು ಕೊಕ್ಕು ಬಿಳಿ ಮುಖಕ್ಕೆ ಕೂಡುವ ಜಾಗ, ಅಂದರೆ ಕಣ್ಣಿನ ಪಕ್ಕದಲ್ಲೇ, ಇಟ್ಟರೆ ತಟ್ಟನೆ ನಿಲ್ಲುತ್ತದೆ.

ಇನ್ನೊಂದು ಮಾತು. ಹಕ್ಕಿ ಕದಲದೆ ಕೂತಿದ್ದರೂ ನಮ್ಮ ದೋಣಿ ಓಲಾಡುತ್ತಿರುತ್ತದೆ. ಹಾಗಾಗಿ ಒಮ್ಮೆ ಹಿಡಿದು ನಿಲ್ಲುವ ಫೋಕಸ್ ಇಲ್ಲಿಗೆ ಬೇಡ. ಬಿಡದೆ ಹಿಂಬಾಲಿಸುವ ಫೋಕಸನ್ನೇ ಇಟ್ಟುಕೊಳ್ಳಿ. ನೀರಿಗೆ ಧುಮುಕುವ ರೀವ ಹಕ್ಕಿಗೆ ಒಂದು ಚುಕ್ಕೆ ಸಾಲದು. ಆಯ್ದ ಬಿಂದುವಿನ ಸುತ್ತಲಿನವೂ ನೆರವಿಗೆ ಬರುವ ಡೈನಮಿಕ್ ಆಯ್ಕೆಯಲ್ಲಿ, ನಾನು ಒಂಬತ್ತನ್ನೇ ಇಟ್ಟುಕೊಳ್ಳುತ್ತೇನೆ. ಹಿನ್ನೆಲೆಯಲ್ಲಿ ಬರೀ ಆಕಾಶವಿದ್ದರೆ ಇನ್ನಷ್ಟು ಬಿಂದುಗಳಿದ್ದರೂ ಸರಿಯೇ, ಬಿದಿರು ಮೆಳೆ ಇದ್ದರೆ ಬೇಡ.

ಅಂದು ಜೊತೆಗಿದ್ದ ನನ್ನ ಮೊಮ್ಮಗಳು, ಏಳನೇ ಕ್ಲಾಸು, “ತಾತ, ಈಗಿನ ಹೊಸ ಕ್ಯಾಮೆರಾ ಹಕ್ಕಿ ಕಣ್ಣನ್ನ ತಾನೇ ಹುಡುಕತ್ತಂತೆ” ಎಂದಳು. ಹೌದಮ್ಮ, ಹುಡುಕುತ್ತದೆ. ಆದರೆ ಒಂದೇ ಮರದಲ್ಲಿ ನಲವತ್ತು ಕಣ್ಣುಗಳಿದ್ದರೆ ಯಾವುದು ಬೇಕೆಂದು ಹೇಳಬೇಕಾದವಳು ನೀನೇ ಅಲ್ಲವೇ? ಅವಳು ಅಮ್ಮನ ಮೊಬೈಲಿನ ಪರದೆಯಲ್ಲಿ ಒಂದು ಮರಿಯ ತಲೆಯ ಮೇಲೆ ಬೆರಳೊತ್ತಿ ಹಿಡಿದಳು. ಅದೂ ಬಿಂದು ಆರಿಸುವುದೇ.

ಆ ಯುವಕರಿಗೆ ಚೌಕ ಸರಿಸುವುದನ್ನು ತೋರಿಸಿಕೊಟ್ಟೆ. ದೋಣಿ ಒಂದಡಿಯೂ ಮುಂದೆ ಹೋಗಲಿಲ್ಲ. ಆರೇಳು ಚಿತ್ರಗಳ ನಂತರ ಒಂದು ಬಂತು. ರೆಕ್ಕೆಯ ನೆರಳಿನಲ್ಲಿ ಮೂರು ಮರಿ, ಮೇಲೆ ತಾಯಿಯ ಕಿತ್ತಳೆ ಮುಖ, ಹೊಳೆಯುವ ಕಣ್ಣು. ಅವರು ಅದನ್ನು ಮೊದಲು ತೋರಿಸಿದ್ದು ದೋಣಿಯವರಿಗೆ.

ಹೋಗುವವರು ಬೆಳಗ್ಗೆ ಬೇಗ ಹೋಗಿ. ಚೌಕ ಸರಿಸುವ ಅಭ್ಯಾಸವನ್ನು ದಡದಲ್ಲೇ, ಟಿಕೆಟ್ಟಿಗೆ ಕಾಯುವಾಗ, ಬಾವಲಿಗಳು ಜೋತಾಡುವ ಮರದ ಮೇಲೆ ಮಾಡಿಕೊಳ್ಳಿ. ಮಳೆಗಾಲದಲ್ಲಾದರೆ ಹೊರಡುವ ಮೊದಲು ವಿಚಾರಿಸಿ. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ಇಳಿಸುವುದಿಲ್ಲ.