ಎಂಟು ಮಿಲಿಗ್ರಾಂ

ರಕ್ತ ಯಾಕೆ ಕೆಂಪು ಎಂದರೆ ಕಬ್ಬಿಣದಿಂದ ಎಂದು ಹೈಸ್ಕೂಲಿನ ಮಕ್ಕಳೂ ಹೇಳುತ್ತಾರೆ. ಬರೀ ಕಬ್ಬಿಣಕ್ಕೆ ಆ ಚೆಂದವಿಲ್ಲ, ತುಕ್ಕು ನೋಡಿದವರಿಗೆ ಗೊತ್ತು. ಅದನ್ನು ನಡುವೆ ಕೂರಿಸಿಕೊಳ್ಳಲು ಪಾರ್ಫಿರಿನ್ ಎಂಬ ಉಂಗುರ ಬೇಕು. ನಾಲ್ಕು ಸಾರಜನಕ ಪರಮಾಣುಗಳು ನಾಲ್ಕು ಕಡೆಯಿಂದ ಅದನ್ನು ಹಿಡಿದಿರುತ್ತವೆ. ಇದೇ ಬಗೆಯ ಉಂಗುರದಲ್ಲಿ ಮೆಗ್ನೀಷಿಯಂ ಕೂತರೆ ಎಲೆಯ ಹಸಿರು. ವರ್ಷಾ ವರ್ಷ ಪಾಠ ಮಾಡಿದರೂ ನನಗೆ ಇದು ಹಳತಾಗಿಲ್ಲ.

ಈ ಉಂಗುರದ ಸಾರಜನಕ ಎಲ್ಲಿಂದ ಬರುತ್ತದೆ? 1940ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಶೆಮಿನ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ತೂಕ ತುಸು ಹೆಚ್ಚಿರುವ ಸಾರಜನಕ ಸೇರಿಸಿದ ಗ್ಲೈಸಿನ್ನನ್ನು ಮೂರು ದಿನದಲ್ಲಿ 66 ಗ್ರಾಂ ತಿಂದು, ಆಮೇಲೆ ತಿಂಗಳುಗಟ್ಟಲೆ ತನ್ನ ರಕ್ತ ತೆಗೆದು ನೋಡಿದ. ಗುರುತಿನ ಸಾರಜನಕ ಪಾರ್ಫಿರಿನ್ನಿಗೆ ಬಂದು ಸೇರಿತ್ತು. ಸೇರಿದ್ದು ವಾರಗಟ್ಟಲೆ ಅಲ್ಲೇ ಉಳಿಯಿತು, ಸುಮಾರು ನಾಲ್ಕು ತಿಂಗಳಿಗೆ ಇಳಿಯಿತು. ಕೆಂಪು ರಕ್ತಕಣದ ಆಯಸ್ಸೂ ಹೀಗೆ ಸಿಕ್ಕಿತು.

ನಾಲ್ಕು ತಿಂಗಳಿಗೆ ಸಾಯುವವು ಅಂದಮೇಲೆ ಹೊಸವು ಹುಟ್ಟುತ್ತಲೇ ಇರಬೇಕು, ಸೆಕೆಂಡಿಗೆ ಸುಮಾರು 20 ಲಕ್ಷ. ಎಷ್ಟು ಬೇಕೆಂದು ಲೆಕ್ಕ ಇಡುವುದು ಕಿಡ್ನಿ. ಆಮ್ಲಜನಕ ಕಡಿಮೆಯಾದರೆ ಎರಿತ್ರೊಪೊಯಿಟಿನ್ ಎಂಬ ಹಾರ್ಮೋನಿನ ಮೂಲಕ ಮೂಳೆಯೊಳಗಿನ ಮಜ್ಜೆಗೆ ಹೇಳಿಕಳಿಸುತ್ತದೆ.

ನಮ್ಮಕ್ಕನ ಕಿಡ್ನಿ ಹೇಳಿಕಳಿಸುವುದನ್ನು ನಿಲ್ಲಿಸಿ ಆರು ವರ್ಷವಾಯಿತು. ವಾರಕ್ಕೆರಡು ಸಲ ಡಯಾಲಿಸಿಸ್, ಅದು ಮುಗಿದ ಮೇಲೆ ಒಂದು ಸಣ್ಣ ಇಂಜೆಕ್ಷನ್. ಅದಿಲ್ಲದ ವಾರಗಳಲ್ಲಿ ಮೆಟ್ಟಿಲು ಹತ್ತಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾಳೆ. ಮೊನ್ನೆ ಕೇಳಿದಳು: "ಕೆಮಿಸ್ಟ್ರಿ ಮೇಷ್ಟ್ರು ನೀನು, ಹೇಳೋ. ಇದನ್ನ ಏನರಿಂದ ಮಾಡ್ತಾರೆ?"

ಹೇಳಿದೆ. ಶಿಕಾಗೋದ ಯೂಜೀನ್ ಗೋಲ್ಡ್‌ವಾಸರ್ 1955ರಲ್ಲಿ ಈ ಹಾರ್ಮೋನನ್ನು ಹುಡುಕಲು ಹೊರಟಾಗ ಕೆಲವು ತಿಂಗಳ ಕೆಲಸ ಅಂದುಕೊಂಡಿದ್ದ. ಕುರಿಗಳನ್ನು ಬೇಕೆಂದೇ ರಕ್ತಹೀನ ಮಾಡಿ ಅವುಗಳ ರಕ್ತ ಸೋಸಿದ್ದೇ ಸೋಸಿದ್ದು, ವರ್ಷಗಳೇ ಹೋದವು. ಕೊನೆಗೆ ಜಪಾನಿನ ಕುಮಾಮೊಟೊದಿಂದ ತಕಾಜಿ ಮಿಯಾಕೆ ಬಂದರು. ಏಪ್ಲಾಸ್ಟಿಕ್ ಅನೀಮಿಯದ ರೋಗಿಗಳಿಂದ ಸಂಗ್ರಹಿಸಿದ 2550 ಲೀಟರ್ ಮೂತ್ರವನ್ನು ಇಂಗಿಸಿ ಒಣಗಿಸಿ ತಂದಿದ್ದರು. 1977ರಲ್ಲಿ ಅದರಿಂದ ಶುದ್ಧ ಹಾರ್ಮೋನು ಸಿಕ್ಕಿತು, ಎಂಟು ಮಿಲಿಗ್ರಾಂ. ಆ ಚಿಟಿಕೆಯಿಂದ ಅದರ ರಚನೆಯ ಸುಳಿವು, ಸುಳಿವಿನಿಂದ ಜೀನ್, 1989ರಲ್ಲಿ ಅಮೆರಿಕದಲ್ಲಿ ಔಷಧಿ. ಈಗ ಆ ಜೀನನ್ನು ಜೀವಕೋಶಗಳೊಳಗೆ ಇಟ್ಟು ಹಾರ್ಮೋನು ಬೆಳೆಯುತ್ತಾರೆ.

"ಉಚ್ಚೆಯಿಂದ!" ಅಕ್ಕ ನಕ್ಕಳು. ಆಮೇಲೆ ಕೇಳಿದಳು: "ಕೊಟ್ಟೋರಿಗೆ ಇದರಿಂದ ವಾಸಿಯಾಯ್ತಾ?"

ತರಗತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಆ ರೋಗಿಗಳ ಕಿಡ್ನಿ ಸರಿಯಾಗಿತ್ತು, ಬರಿದಾಗಿದ್ದದ್ದು ಮಜ್ಜೆ. ಕಣ ಹುಟ್ಟಿಸು, ಹುಟ್ಟಿಸು ಎಂದು ಕಿಡ್ನಿ ಕೂಗುತ್ತಲೇ ಇತ್ತು, ಕೇಳಿಸಿಕೊಳ್ಳಬೇಕಾದವರು ಮನೆಯಲ್ಲಿರಲಿಲ್ಲ. ಹಾಗಾಗಿಯೇ ಅಷ್ಟು ಹಾರ್ಮೋನು ಮೂತ್ರಕ್ಕೆ ಹರಿದದ್ದು. ಅವರಲ್ಲಿ ಆಗಲೇ ಉಕ್ಕುತ್ತಿದ್ದ ಹಾರ್ಮೋನನ್ನು ಮತ್ತಷ್ಟು ಚುಚ್ಚಿ ಏನು ಪ್ರಯೋಜನ? ಅಕ್ಕನದು ತಿರುವುಮುರುವು: ಮಜ್ಜೆ ಕಾದು ಕೂತಿದೆ, ಕೂಗುವವರಿಲ್ಲ. ಪ್ರಬಂಧದ ಮೇಲಿರುವುದು ಮಿಯಾಕೆ, ಕುಂಗ್, ಗೋಲ್ಡ್‌ವಾಸರ್, ಮೂರೇ ಹೆಸರು.

ಅಷ್ಟನ್ನೂ ಹೇಳಿದೆ. ಅಕ್ಕ ತೋಳಿನ ಹತ್ತಿಯನ್ನು ಒತ್ತಿ ಹಿಡಿದು ಕೂತಿದ್ದಳು. "ಪಾಪ, ಬಾಟ್ಲಿ ತುಂಬಿಸಿ ತುಂಬಿಸಿ ಕೊಟ್ಟಿದಾರೆ," ಅಂದಳು.

ಮುಂದಿನ ವಾರ ನಾನು ಹೋದಾಗ ಪಕ್ಕದ ಮಂಚದ ಅಜ್ಜಿಗೆ ಇದೇ ಕತೆ ನಡೆದಿತ್ತು. ಅಕ್ಕನ ಲೆಕ್ಕದಲ್ಲಿ ಅದು ಹತ್ತು ಟ್ಯಾಂಕರ್ ಆಗಿತ್ತು. ನಾನು ತಿದ್ದಲು ಹೋಗಲಿಲ್ಲ.